ಕಾಂಪೌಂಡ್ ಬಿಲ್ಲು ಬಿಟ್ಟು ಕ್ರಾಸ್‌ಬೋ: ಅಮೆರಿಕದ ಬೇಟೆಗಾರನ ಲೆಕ್ಕ, ಮಂಡ್ಯದ ಕಬ್ಬಿನ ಗದ್ದೆಯ ಲೆಕ್ಕ

ಕಾಡುಹಂದಿ ಕಾಟ, ಮೊಬೈಲ್ ವಿಡಿಯೊ ಎರಡೂ ಒಂದೇ ಕಡೆ ಸೇರಿದರೆ ಎಂಥ ಮಾತು ಹುಟ್ಟುತ್ತದೆ ಎಂದು ತಿಳಿಯಲು ಪಾಂಡವಪುರದ ಕಡೆ ಯಾವುದಾದರೂ ಟೀ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು. "ಇದ್ಕೆ ಲೈಸೆನ್ಸ್ ಬ್ಯಾಡ್ವಂತೆ ಕಣಣ್ಣ, ಬಂದೂಕಿನ ಥರ ಸದ್ದೂ ಬರಕಿಲ್ವಂತೆ" ಎನ್ನುತ್ತಾ ಹುಡುಗರು ಫೋನ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಅಮೆರಿಕದವನೊಬ್ಬ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಕ್ರಾಸ್‌ಬೋದಲ್ಲಿ, ಅಂದರೆ ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲಿನಲ್ಲಿ, ಜಿಂಕೆ ಹೊಡೆಯುತ್ತಿರುತ್ತಾನೆ. ಮೈಸೂರಿನಲ್ಲಿ ಇದೇ ವಿಷಯ ಬೇರೆ ದಾರಿಯಿಂದ ಬರುತ್ತದೆ. ಮಗಳು ಅಳಿಯ ಅಮೆರಿಕದಲ್ಲಿರುತ್ತಾರೆ. ಅಕ್ಟೋಬರ್ ಬಂತೆಂದರೆ ಅಳಿಯನ ಆಫೀಸಿನ ಅರ್ಧ ಜನ ಬೇಟೆಯ ಮಾತೇ ಆಡುತ್ತಿರುತ್ತಾರೆ. "ಅವರೆಲ್ಲ ಈಗ ಕಾಂಪೌಂಡ್ ಬಿಲ್ಲು ಬಿಟ್ಟು ಕ್ರಾಸ್‌ಬೋ ಹಿಡೀತಿದ್ದಾರಂತೆ, ಏನ್ರೀ ವ್ಯತ್ಯಾಸ?" ಅಂತ ಸರಸ್ವತಿಪುರಂನ ವಾಕಿಂಗ್ ಗೆಳೆಯರು ಕೇಳುತ್ತಾರೆ.

ಪ್ರಶ್ನೆ ಎರಡು, ಆಯುಧ ಒಂದೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಳೆದು ಹಿಡಿದು ನಿಲ್ಲುವ ಕಷ್ಟವನ್ನು ಕ್ರಾಸ್‌ಬೋ ತೆಗೆದುಹಾಕುತ್ತದೆ, ನಿಜ. ಆದರೆ ಅದರಿಂದ ಹೊರಡುವುದು ಆಗಲೂ ಬಾಣವೇ, ಗುಂಡಲ್ಲ. ಬಾಣಕ್ಕೆ ಇರುವ ಮಿತಿಗಳೆಲ್ಲ ಹಾಗೇ ಉಳಿಯುತ್ತವೆ. ಇದನ್ನು ಸರಿಯಾಗಿ ಹಿಡಿದುಕೊಂಡರೆ ಅಲ್ಲಿನವರ ಜಗಳವೂ ಅರ್ಥವಾಗುತ್ತದೆ, ಇಲ್ಲಿನವರ ಆಸೆ ಎಲ್ಲಿ ದಾರಿ ತಪ್ಪುತ್ತಿದೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಕಾಂಪೌಂಡ್ ಬಿಲ್ಲು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬವರು 1966ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರ ಕೊನೆಗೆ ಪೇಟೆಂಟ್ ಸಿಕ್ಕಿತು. ಮಾಮೂಲಿ ಬಿಲ್ಲಿನಲ್ಲಿ ಹೆದೆಯನ್ನು ಹಿಂದಕ್ಕೆ ಎಳೆದಷ್ಟೂ ಭಾರ ಏರುತ್ತಾ ಹೋಗುತ್ತದೆ. ಕೊನೆಯಲ್ಲಿ, ಗುರಿ ಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ, ಕೈ ನಡುಗಲು ಶುರುವಾಗುತ್ತದೆ. ಆಲೆನ್ ಬಿಲ್ಲಿನ ಎರಡು ತುದಿಗೂ ಕ್ಯಾಮ್ ಕೂರಿಸಿದರು. ಕ್ಯಾಮ್ ಅಂದರೆ ನಡುಮಧ್ಯದಲ್ಲಿ ಅಚ್ಚು ಇಲ್ಲದ ಗಾಲಿ. ಇದರಿಂದ ಎಳೆತದ ಮಧ್ಯದಲ್ಲಿ ಭಾರ ಪೂರ್ತಿ ಇರುತ್ತದೆ, ಕೊನೆಗೆ ಒಮ್ಮೆಲೇ ಇಳಿದುಬಿಡುತ್ತದೆ. ಈಗಿನ ಬೇಟೆಯ ಬಿಲ್ಲುಗಳಲ್ಲಿ ಶೇ 80ರಷ್ಟು ಇಳಿಯುವುದು ಮಾಮೂಲು. 70 ಪೌಂಡ್, ಅಂದರೆ ಸುಮಾರು 32 ಕೆಜಿ ಎಳೆತದ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಬೆರಳಿಗೆ ಉಳಿಯುವುದು ಆರು ಕೆಜಿ ಚಿಲ್ಲರೆ. ಅಷ್ಟನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಬಹುದು.

ಆದರೆ ಆ 32 ಕೆಜಿಯ ಗುಡ್ಡವನ್ನು ಒಮ್ಮೆ ದಾಟಲೇಬೇಕಲ್ಲ. ಅದೂ ಜಿಂಕೆ ಇಪ್ಪತ್ತು ಮೀಟರ್ ದೂರದಲ್ಲಿ ನಿಂತು ಕಿವಿ ತಿರುಗಿಸುತ್ತಿರುವಾಗ, ಮೈ ಅಲ್ಲಾಡಿಸದೆ. ನವೆಂಬರ್ ಚಳಿಯಲ್ಲಿ ಬೆಳಗಿನ ಜಾವದಿಂದ ಮರದ ಮೇಲೆ ಕೂತವನ ಭುಜ ಮರಗಟ್ಟಿರುತ್ತದೆ. ಎಳೆದ ಮೇಲೆ ಜಿಂಕೆ ಮರದ ಹಿಂದೆ ಸರಿಯಿತು ಅಂದುಕೊಳ್ಳಿ. ಹಿಡಿದೇ ಇರಬೇಕು, ಇಲ್ಲವೇ ಹೆದೆಯನ್ನು ನಿಧಾನಕ್ಕೆ ಮುಂದಕ್ಕೆ ಬಿಟ್ಟು ಇನ್ನೊಮ್ಮೆ ಎಳೆಯಬೇಕು. ಕಾಂಪೌಂಡ್ ಬೇಟೆಯ ಪೂರ್ತಿ ಕಷ್ಟ ಇರುವುದು ಈ ಕೆಲವೇ ಕ್ಷಣಗಳಲ್ಲಿ. ವರ್ಷಪೂರ್ತಿ ಅಭ್ಯಾಸ ಮಾಡುವುದೂ ಇದಕ್ಕಾಗಿಯೇ.

ಕ್ರಾಸ್‌ಬೋ ಈ ಕ್ಷಣಗಳನ್ನು ಮೊದಲೇ ಮುಗಿಸಿಟ್ಟುಬಿಡುತ್ತದೆ. ಅಡ್ಡಡ್ಡ ಕೂರಿಸಿದ ಬಿಲ್ಲು, ಕೆಳಗೆ ಬಂದೂಕಿನಂಥ ಹಿಡಿ, ಮೇಲೆ ಸ್ಕೋಪ್. ವಿಸ್ಕಾನ್ಸಿನ್‌ನಲ್ಲಿರುವ ಪರಿಚಯದವರೊಬ್ಬರು ವಿಡಿಯೊ ಕಾಲ್‌ನಲ್ಲಿ ಸಜ್ಜು ಮಾಡಿ ತೋರಿಸಿದರು. ಮೂತಿಯನ್ನು ನೆಲಕ್ಕೆ ಊರಿ, ತುದಿಯಲ್ಲಿರುವ ಕಬ್ಬಿಣದ ಬಳೆಯೊಳಗೆ ಬೂಟು ತೂರಿಸಿ ಒತ್ತಿ ನಿಂತರು. ಹೆದೆಯ ಎರಡು ಕಡೆಗೂ ಹಗ್ಗದ ಕೊಕ್ಕೆ ಸಿಕ್ಕಿಸಿದರು. ಎರಡು ಹಿಡಿಯನ್ನೂ ಒಂದೇ ಸಮ ಮೇಲಕ್ಕೆಳೆದರು. ಟಕ್ ಅಂತ ಒಂದು ಸದ್ದು, ಹೆದೆ ಲಾಕ್ ಆಯಿತು, ಸೇಫ್ಟಿ ತಾನಾಗಿಯೇ ಬಿತ್ತು. ಆಮೇಲೆ ಮೊಳದಷ್ಟು ಉದ್ದದ ಬಾಣವನ್ನು ಹಳಿಯ ಮೇಲಿಟ್ಟು, ಬೇರೆ ಬಣ್ಣದ ಗರಿ ಕೆಳಗೆ ಬರುವ ಹಾಗೆ ತಿರುಗಿಸಿ, ಹೆದೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿದರು. ಇಷ್ಟೇ. ಇನ್ನು ಸಂಜೆಯವರೆಗೂ ಅದು ಹಾಗೇ ಕಾಯುತ್ತಿರುತ್ತದೆ. ಬೇಟೆಗಾರ ಮಾಡಬೇಕಾದ್ದು ಸೇಫ್ಟಿ ತೆಗೆದು ಟ್ರಿಗರ್ ಒತ್ತುವುದು ಮಾತ್ರ.

ಹಗ್ಗ ಯಾಕೆ? ಬೇಟೆಯ ಕ್ರಾಸ್‌ಬೋಗಳ ಎಳೆತ ಸಾಮಾನ್ಯವಾಗಿ 150ರಿಂದ 225 ಪೌಂಡ್. 200 ಪೌಂಡ್ ಅಂದರೆ 90 ಕೆಜಿ. ಹಗ್ಗ ಅದನ್ನು ಅರ್ಧ ಮಾಡುತ್ತದೆ. ಆದರೂ ಹೆಚ್ಚೂಕಡಿಮೆ ಒಂದು ಸಿಮೆಂಟ್ ಮೂಟೆ ಎತ್ತಿದ ಹಾಗೆ. ಅದೂ ಆಗದವರಿಗೆ ಕೈಯಲ್ಲಿ ತಿರುಗಿಸುವ ಕ್ರ್ಯಾಂಕ್ ಬರುತ್ತದೆ, ಅದನ್ನು ಹತ್ತನೇ ಕ್ಲಾಸಿನ ಹುಡುಗಿಯೂ ತಿರುಗಿಸಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 200 ಪೌಂಡ್ ಎಲ್ಲಿ, 70 ಪೌಂಡ್ ಎಲ್ಲಿ, ಮೂರು ಪಟ್ಟು ಶಕ್ತಿ ಅಲ್ವಾ ಅಂತ ಅನ್ನಿಸುತ್ತದೆ. ಹಾಗಲ್ಲ. ಬಾಣಕ್ಕೆ ಸಿಗುವ ಶಕ್ತಿ ಎಳೆತದ ಭಾರ ಒಂದರಿಂದಲೇ ಬರುವುದಿಲ್ಲ, ಹೆದೆ ಎಷ್ಟು ದೂರ ಬಾಣವನ್ನು ತಳ್ಳಿಕೊಂಡು ಹೋಗುತ್ತದೆ ಅನ್ನುವುದೂ ಸೇರಬೇಕು. ಕಾಂಪೌಂಡ್‌ನಲ್ಲಿ ಹೆದೆ ಸುಮಾರು ಅರ್ಧ ಮೀಟರ್ ತಳ್ಳುತ್ತದೆ. ಕ್ರಾಸ್‌ಬೋದಲ್ಲಿ ಒಂದಡಿ, ಹೆಚ್ಚೆಂದರೆ ಒಂದೂಕಾಲು ಅಡಿ. ಆ ಕೊರತೆ ತುಂಬಿಸುವುದಕ್ಕೇ ಅಷ್ಟು ಭಾರ ಬೇಕಾಗಿರುವುದು. 26 ಗ್ರಾಂ ತೂಕದ ಬಾಣವನ್ನು ಒಳ್ಳೆಯ ಕಾಂಪೌಂಡ್ ಸೆಕೆಂಡಿಗೆ 88 ಮೀಟರ್ ವೇಗದಲ್ಲಿ ಬಿಟ್ಟರೆ, ಮಧ್ಯಮ ದರ್ಜೆಯ ಕ್ರಾಸ್‌ಬೋ 120 ಮೀಟರ್ ವೇಗದಲ್ಲಿ ಬಿಡುತ್ತದೆ. ಮೊದಲನೆಯದರ ಶಕ್ತಿ 100 ಜೂಲ್, ಎರಡನೆಯದು 187 ಜೂಲ್. ಜಾಸ್ತಿಯೇ. ಆದರೆ ಅಲ್ಲಿ ಜಿಂಕೆ ಬೇಟೆಗೆ ಬಳಸುವ .30-06 ರೈಫಲ್‌ನ ಗುಂಡು 3,000 ಜೂಲ್ ದಾಟುತ್ತದೆ. ಅದರ ಪಕ್ಕದಲ್ಲಿಟ್ಟರೆ ಈ ಎರಡೂ ಒಂದೇ ಮನೆಯ ಮಕ್ಕಳು.

ಹಾಗೆ ನೋಡಿದರೆ ಬಾಣ ಕೊಲ್ಲುವುದು ಹೊಡೆತದ ಜೋರಿನಿಂದಲೇ ಅಲ್ಲ. ಬೇಟೆಯ ಬಾಣದ ತುದಿಯಲ್ಲಿ ಬ್ರಾಡ್‌ಹೆಡ್ ಇರುತ್ತದೆ, ಬ್ಲೇಡಿನಷ್ಟು ಚೂಪಾದ ಅಲಗುಗಳ ತುದಿ. ಅದು ಶ್ವಾಸಕೋಶವನ್ನೋ ಹೃದಯವನ್ನೋ ಸೀಳಿ, ರಕ್ತ ಹರಿದು ಪ್ರಾಣಿ ಸಾಯುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ 100 ಜೂಲ್ ಧಾರಾಳವಾಗಿ ಸಾಕು, ಬಾಣ ಈ ಕಡೆ ಹೊಕ್ಕು ಆ ಕಡೆ ಬರುತ್ತದೆ. ಹೊಟ್ಟೆಗೆ ಬಿದ್ದರೆ 187 ಜೂಲ್ ಇದ್ದರೂ ಪ್ರಯೋಜನವಿಲ್ಲ. ಜಿಂಕೆ ಓಡಿಹೋಗಿ ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಜಾಗಕ್ಕೆ ಬಿದ್ದ ಬಾಣವೂ ಸಿನಿಮಾದಂತೆ ಪ್ರಾಣಿಯನ್ನು ನಿಂತಲ್ಲೇ ಕೆಡವುವುದಿಲ್ಲ. ಅನುಭವಸ್ಥ ಬೇಟೆಗಾರರು ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಜಾಗ ಬಿಟ್ಟು ಕದಲುವುದಿಲ್ಲ. ಆಮೇಲೆ ರಕ್ತದ ಜಾಡು ಹಿಡಿದು ಹೋಗುತ್ತಾರೆ. ಈ ವಿಷಯ ನೆನಪಿರಲಿ, ಕಬ್ಬಿನ ಗದ್ದೆಗೆ ಬಂದಾಗ ಬೇಕಾಗುತ್ತದೆ.

ದೂರ ಹೊಡೆಯಬಹುದು ಅನ್ನುವ ಭ್ರಮೆ

ಕ್ರಾಸ್‌ಬೋ ಮಾರುವ ಕಂಪನಿಗಳು ವೇಗವನ್ನೇ ದೊಡ್ಡದಾಗಿ ಬರೆಯುತ್ತವೆ. ರೇವಿನ್, ಟೆನ್‌ಪಾಯಿಂಟ್‌ನಂಥ ಬ್ರ್ಯಾಂಡ್‌ಗಳ ದುಬಾರಿ ಮಾಡೆಲ್‌ಗಳು ಸೆಕೆಂಡಿಗೆ 500 ಅಡಿ, ಅಂದರೆ 150 ಮೀಟರ್ ವೇಗ ಮುಟ್ಟಿವೆ. ಟಾರ್ಗೆಟ್ ಬೋರ್ಡ್ ಮೇಲೆ ನೂರು ಗಜ ದೂರಕ್ಕೆ ಹೊಡೆದು ತೋರಿಸುವ ವಿಡಿಯೊಗಳಿಗೂ ಬರವಿಲ್ಲ. ಬೋರ್ಡ್ ಅಲ್ಲಾಡುವುದಿಲ್ಲ. ಜಿಂಕೆ ಅಲ್ಲಾಡುತ್ತದೆ. ಇರುವ ತೊಂದರೆಯೇ ಅದು.

ಲೆಕ್ಕ ಹಾಕಿ ನೋಡೋಣ. ಗಾಳಿಯ ತಡೆ ಬಿಟ್ಟುಬಿಡಿ, ಸುಮ್ನೆ ಅಂದಾಜಿಗೆ. 120 ಮೀಟರ್ ವೇಗದ ಬಾಣ 40 ಮೀಟರ್ ಹೋಗಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆ ಬಿಟ್ಟ ಸದ್ದು ಅಷ್ಟೇ ದೂರವನ್ನು 0.12 ಸೆಕೆಂಡಿನಲ್ಲಿ ಮುಟ್ಟುತ್ತದೆ. ಅಂದರೆ ಸದ್ದು ಕೇಳಿದ ಮೇಲೆ ಬಾಣ ಬರುವವರೆಗೆ ಜಿಂಕೆಗೆ 0.21 ಸೆಕೆಂಡ್ ಸಿಗುತ್ತದೆ. ಕಾಂಪೌಂಡ್ ಆದರೆ 0.34 ಸೆಕೆಂಡ್. ಬೆಚ್ಚಿದ ಜಿಂಕೆ ಓಡುವ ಮೊದಲು ಕಾಲು ಮಡಚಿ ಮೈಯನ್ನು ಕೆಳಗಿಳಿಸುತ್ತದೆ, ಆಗ ಬಾಣ ಬೆನ್ನಿನ ಮೇಲಿಂದ ಹೋಗುತ್ತದೆ ಅಥವಾ ಬೆನ್ನಿನ ಮಾಂಸದಲ್ಲಿ ನಾಟುತ್ತದೆ. ಕ್ರಾಸ್‌ಬೋಗೆ ಇಲ್ಲಿ ಸ್ವಲ್ಪ ಅನುಕೂಲ ಇದೆ ಅನ್ನಿಸುತ್ತದೆ. ಆದರೆ ಅದರ ಹೆದೆಯ ಏಟು ಕಾಂಪೌಂಡ್‌ಗಿಂತ ಜೋರು. ಟೀ ಅಂಗಡಿಯ ಹುಡುಗ ಹೇಳಿದ "ಸದ್ದು ಬರಕಿಲ್ಲ" ಬಂದೂಕಿಗೆ ಹೋಲಿಸಿದರೆ ಸರಿ, ಜಿಂಕೆಯ ಕಿವಿಗೆ ಸರಿಯಲ್ಲ. ಅದೇ 20 ಮೀಟರ್‌ನಲ್ಲಿ ಎರಡರಲ್ಲೂ ಸಿಗುವ ಸಮಯ 0.2 ಸೆಕೆಂಡಿಗಿಂತ ಕಡಿಮೆ. ಹತ್ತಿರ ಇದ್ದರೆ ಎರಡೂ ಒಳ್ಳೆಯವು, ದೂರ ಹೋದರೆ ಎರಡೂ ನಂಬಿಕೆಗೆ ಅರ್ಹವಲ್ಲ.

ಬಾಣ ಕೆಳಗೆ ಬೀಳುವ ಲೆಕ್ಕವೂ ಹೀಗೇ. 20 ಮೀಟರ್‌ಗೆ ಕ್ರಾಸ್‌ಬೋ ಬಾಣ 14 ಸೆಂಟಿಮೀಟರ್ ಇಳಿದಿರುತ್ತದೆ, 40ಕ್ಕೆ 54, 60ಕ್ಕೆ 120 ಸೆಂಟಿಮೀಟರ್ ದಾಟಿರುತ್ತದೆ. ಸ್ಕೋಪಿನೊಳಗಿನ ಗೆರೆಗಳು ಈ ಇಳಿತಕ್ಕಾಗಿಯೇ ಇರುವುದು. ಆದರೆ ದೂರ ಸರಿಯಾಗಿ ಗೊತ್ತಿರಬೇಕು. 40 ಮೀಟರ್‌ನಲ್ಲಿರುವ ಜಿಂಕೆಯನ್ನು 35 ಅಂದುಕೊಂಡು ಹೊಡೆದರೆ ಕ್ರಾಸ್‌ಬೋ ಬಾಣ 7 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಕಾಂಪೌಂಡ್ ಬಾಣ ಹತ್ತಿರ ಹತ್ತಿರ 13. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಗಿಂತ ದೊಡ್ಡದಿಲ್ಲ. ಹೀಗಾಗಿ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಬದಲಾಯಿಸಿಕೊಂಡವರಿಗೆ ಸಿಗುವ ಲಾಭ ಇದು: ತಪ್ಪಿಗೆ ಸ್ವಲ್ಪ ಹೆಚ್ಚು ಜಾಗ. ಇದನ್ನು ಹತ್ತಿರದ ಹೊಡೆತ ಗಟ್ಟಿ ಮಾಡಿಕೊಳ್ಳಲು ಬಳಸಿದರೆ ಸರಿ. ಮೊದಲು 30 ಮೀಟರ್‌ಗೆ ಹೊಡೆಯುತ್ತಿದ್ದವನು ಇದನ್ನು ನಂಬಿ 70ಕ್ಕೆ ಹೊರಟರೆ ಇದ್ದ ಲಾಭವೂ ಹೋಯಿತು.

ಹಾಗಾದರೆ ಯಾರಿಗೆ ಬದಲಾವಣೆ ಸರಿ? ಭುಜದ ಕೀಲು ಹಾಳಾದವರು, ಆಪರೇಷನ್ ಆದವರು, ವಯಸ್ಸಾದವರು, ಇವರ ವಿಷಯದಲ್ಲಿ ಮಾತೇ ಬೇಡ. ಅಮೆರಿಕದ ಹಲವು ರಾಜ್ಯಗಳು ಕ್ರಾಸ್‌ಬೋಗೆ ಮೊದಲು ಬಾಗಿಲು ತೆರೆದದ್ದೇ ಅಂಗವಿಕಲರಿಗಾಗಿ. ಎರಡು ಕೆಲಸ, ಸಣ್ಣ ಮಕ್ಕಳು, ವಾರಕ್ಕೆ ಮೂರು ದಿನ ಬಿಲ್ಲು ಎಳೆದು ಅಭ್ಯಾಸ ಮಾಡಲು ಸಮಯವಿಲ್ಲ ಅನ್ನುವವರದ್ದೂ ನ್ಯಾಯವೇ. ಅಭ್ಯಾಸವಿಲ್ಲದವನು ಕಾಂಪೌಂಡ್ ಹಿಡಿದು ಪ್ರಾಣಿಯನ್ನು ಗಾಯ ಮಾಡುವುದಕ್ಕಿಂತ ಕ್ರಾಸ್‌ಬೋ ಮೇಲು. ಆದರೆ ಅಭ್ಯಾಸವೇ ಬೇಡ ಅನ್ನುವುದು ಅಂಗಡಿಯವರ ಮಾತು. ಸ್ಕೋಪ್ ಸರಿಹೊಂದಿಸುವುದು, ದೂರ ಅಳೆಯುವುದು, ಯಾವಾಗ ಹೊಡೆಯಬಾರದು ಅಂತ ತಿಳಿಯುವುದು, ಇದ್ಯಾವುದನ್ನೂ ಕ್ರ್ಯಾಂಕ್ ತಿರುಗಿಸಿ ಪಡೆಯಲು ಆಗುವುದಿಲ್ಲ.

ಕಳೆದುಕೊಳ್ಳುವುದೂ ಇದೆ. ಕಾಂಪೌಂಡ್ ಬಿಲ್ಲು ಎರಡು ಕೆಜಿ ಆಸುಪಾಸು, ಕ್ರಾಸ್‌ಬೋ ಸ್ಕೋಪ್ ಸೇರಿ ಮೂರು, ಮೂರೂವರೆ. ಭಾರವೆಲ್ಲ ಮುಂದೆಯೇ ಇರುವುದರಿಂದ ಊರುಗೋಲಿನಂಥ ಆಸರೆ ಇಲ್ಲದೆ ಗುರಿ ನಿಲ್ಲುವುದಿಲ್ಲ. ಎರಡನೇ ಬಾಣದ ಆಸೆ ಬಿಟ್ಟುಬಿಡಬೇಕು. ಕಾಂಪೌಂಡ್‌ನವನು ಇನ್ನೊಂದು ಬಾಣ ಹೂಡುವ ಹೊತ್ತಿಗೆ ಕ್ರಾಸ್‌ಬೋದವನು ಇನ್ನೂ ಬೂಟು ತೂರಿಸುತ್ತಿರುತ್ತಾನೆ. ಮರದ ಮೇಲಿದ್ದರೆ ಅದೂ ಕಷ್ಟ. ಬೇಟೆ ಸಿಗದ ದಿನ ಸಂಜೆ ಇನ್ನೊಂದು ಕೆಲಸ. ಎಳೆದಿಟ್ಟ ಹೆದೆಯನ್ನು ಬಹಳಷ್ಟು ಮಾಡೆಲ್‌ಗಳಲ್ಲಿ ಸುಮ್ಮನೆ ಇಳಿಸಲು ಬರುವುದಿಲ್ಲ, ಹಳೆಯ ಬಾಣವೊಂದನ್ನು ಮೆತ್ತನೆಯ ನೆಲಕ್ಕೋ ಟಾರ್ಗೆಟ್‌ಗೋ ಹೊಡೆದು ಖಾಲಿ ಮಾಡಬೇಕು. ಬಾಣವಿಲ್ಲದೆ ಟ್ರಿಗರ್ ಒತ್ತಿದರೆ ಆ ಶಕ್ತಿಯೆಲ್ಲ ಬಿಲ್ಲಿನೊಳಗೇ ಸಿಡಿದು ಹೆದೆ ಹರಿಯಬಹುದು, ತೋಳು ಬಿರಿಯಬಹುದು. ಬಾಣದ ಹಿಂಭಾಗದಲ್ಲಿ ಹೆದೆ ಕೂರುವ ತುದಿ, ಅಂದರೆ ನಾಕ್, ಆ ಕಂಪನಿ ಹೇಳಿದ ಆಕಾರದ್ದೇ ಇರಬೇಕು. ಬೇರೆಯದು ಹಾಕಿದರೆ ಹೆದೆ ಅದರ ಮೇಲೋ ಕೆಳಗೋ ಜಾರಿ ಅದೇ ಅನಾಹುತವಾಗುತ್ತದೆ.

ಹೆಬ್ಬೆರಳಿನ ವಿಷಯ ಬೇರೆಯಾಗಿಯೇ ಹೇಳಬೇಕು. ಬಂದೂಕು ಹಿಡಿದು ರೂಢಿ ಇರುವವರು ಮುಂದಿನ ಕೈಯ ಹೆಬ್ಬೆರಳನ್ನು ಹಳಿಯ ಮೇಲಕ್ಕೆ ಬಿಡುತ್ತಾರೆ. ಹೆದೆ ಅದೇ ಹಳಿಯ ಮೇಲೆ ಮುಂದಕ್ಕೆ ಹಾರುತ್ತದೆ. ಅಡ್ಡ ಸಿಕ್ಕಿದ ಬೆರಳಿನ ತುದಿ ಉಳಿಯುವುದಿಲ್ಲ. ಕಂಪನಿಗಳು ಈಗ ಬೆರಳು ಮೇಲೆ ಬರದ ಹಾಗೆ ಪಕ್ಕದಲ್ಲಿ ರೆಕ್ಕೆಯಂಥ ತಡೆ ಕೊಡುತ್ತವೆ. ಆನ್‌ಲೈನ್‌ನಲ್ಲಿ ಆಟದ ಸಾಮಾನಿನಂತೆ ಸಿಗುವ ಅಗ್ಗದ ಮಾಲಿನಲ್ಲಿ ಅದನ್ನು ಹುಡುಕಬೇಡಿ.

ಜಗಳ ಯಂತ್ರದ್ದಲ್ಲ, ಸೀಸನ್‌ನದ್ದು

ಅಮೆರಿಕದಲ್ಲಿ ಇದರ ಬಗ್ಗೆ ಇಷ್ಟು ಬಿಸಿ ಮಾತು ಯಾಕೆ? ಅದಕ್ಕೆ ಅಲ್ಲಿನ ಕ್ಯಾಲೆಂಡರ್ ನೋಡಬೇಕು. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಮುಖ್ಯ ಸೀಸನ್ ನವೆಂಬರ್‌ನಲ್ಲಿ ಒಂಬತ್ತೇ ದಿನ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಿಂದ ಜನವರಿಯವರೆಗೆ. ಬಿಲ್ಲು ಕಷ್ಟ, ಹೊಡೆಯುವವರು ಕಡಿಮೆ, ಸಿಗುವುದೂ ಕಡಿಮೆ, ಅದಕ್ಕೇ ಹೆಚ್ಚು ದಿನ ಕೊಟ್ಟರು. ಗಂಡು ಜಿಂಕೆಗಳು ಮೈಮರೆತು ಓಡಾಡುವ ಬೆದೆಯ ಕಾಲವೂ ಬಹುಪಾಲು ಬಿಲ್ಲಿನವರಿಗೇ ಸಿಗುತ್ತದೆ. ಈಗ ಸ್ಕೋಪ್, ಟ್ರಿಗರ್ ಇರುವ ಕ್ರಾಸ್‌ಬೋ ಇದೇ ದಿನಗಳಿಗೆ ಬಂದರೆ ಬಿಲ್ಲಿನವರಿಗೆ ಸಿಟ್ಟು ಬರದೆ ಇರುತ್ತದೆಯೇ?

ವಿಸ್ಕಾನ್ಸಿನ್ 2014ರಲ್ಲಿ ಎಲ್ಲರಿಗೂ ಕ್ರಾಸ್‌ಬೋ ಸೀಸನ್ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಕ್ರಾಸ್‌ಬೋದಿಂದ ಹೊಡೆದ ಜಿಂಕೆಗಳು ಉಳಿದ ಬಿಲ್ಲುಗಳಿಂದ ಹೊಡೆದವನ್ನು ಮೀರಿದವು. ಮಿಷಿಗನ್, ಪೆನ್ಸಿಲ್ವೇನಿಯಾ 2009ರಲ್ಲೇ ದೊಡ್ಡದಾಗಿ ಅವಕಾಶ ಕೊಟ್ಟಿದ್ದವು. ಒರೆಗಾನ್ ಮಾತ್ರ ಬೇಟೆಗೆ ಕ್ರಾಸ್‌ಬೋವನ್ನು ಬಿಟ್ಟೇ ಇಲ್ಲ. ಬಿಲ್ಲಿನ ಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ 1961ರಿಂದ ಇದೆ, ಅದರ ಪುಸ್ತಕದಲ್ಲಿ ಕ್ರಾಸ್‌ಬೋದಲ್ಲಿ ಹೊಡೆದ ಪ್ರಾಣಿಗೆ ಜಾಗವಿಲ್ಲ. ಇಂಗ್ಲೆಂಡಿನಲ್ಲಿ ಈ ಜಗಳವೇ ಇಲ್ಲ. 1981ರ ಕಾನೂನಿನಡಿ ಅಲ್ಲಿ ಕಾಡುಪ್ರಾಣಿಯ ಮೇಲೆ ಬಿಲ್ಲು, ಕ್ರಾಸ್‌ಬೋ ಎರಡೂ ನಿಷಿದ್ಧ.

ನನಗೆ ತಮಾಷೆ ಅನ್ನಿಸುವುದು ಇದು. ಇವತ್ತು "ಕ್ರಾಸ್‌ಬೋ ಬಿಲ್ಲೇ ಅಲ್ಲ" ಎನ್ನುವವರ ಕೈಯಲ್ಲಿರುವ ಕಾಂಪೌಂಡ್‌ಗೂ ಎಪ್ಪತ್ತರ ದಶಕದಲ್ಲಿ ಇದೇ ಬೈಗುಳ ಬಿದ್ದಿತ್ತು. ಗಾಲಿ ಇರುವುದು ಬಿಲ್ಲೇ ಅಲ್ಲ, ಹಿಡಿದು ನಿಲ್ಲುವ ಕಷ್ಟವೇ ಇಲ್ಲದ ಮೇಲೆ ಅದೆಂಥ ಬೇಟೆ ಅಂತ ಮರದ ಬಿಲ್ಲಿನವರು ಹೇಳಿದ್ದರು. ಹಾಗಂತ ಈಗಿನ ದೂರು ಪೊಳ್ಳಲ್ಲ. ಕಷ್ಟವನ್ನು ಲೆಕ್ಕ ಹಾಕಿ ಕೊಟ್ಟ ದಿನಗಳು, ಕಷ್ಟ ಕಡಿಮೆಯಾದಾಗ ಲೆಕ್ಕವೂ ಬದಲಾಗಬೇಕು. ವಿಸ್ಕಾನ್ಸಿನ್‌ನಲ್ಲಿ ಕ್ರಾಸ್‌ಬೋ ದಿನಗಳನ್ನು ಕಡಿಮೆ ಮಾಡಿ ಅನ್ನುವ ಕೂಗು ಬಂದದ್ದು ಇದೇ ಕಾರಣಕ್ಕೆ. ಇನ್ನೊಂದು ಕಡೆಯ ಮಾತೂ ಇದೆ. ಅಲ್ಲಿ ಬೇಟೆಗಾರರ ವಯಸ್ಸು ಏರುತ್ತಿದೆ, ಹೊಸಬರು ಬರುತ್ತಿಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಗುಂಡುಗಳ ಮೇಲೆ ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿ ಕೆಲಸಕ್ಕೆ ಕೊಡುತ್ತಾರೆ. ಆಮೇಲೆ ಬಿಲ್ಲು, ಬಾಣಗಳೂ ಅದರಡಿ ಬಂದವು. ಬೇಟೆಗಾರ ಮನೆಯಲ್ಲಿ ಕೂತರೆ ಕಾಡಿನ ಇಲಾಖೆಯ ಖಜಾನೆಯೂ ಸೊರಗುತ್ತದೆ. ಜಿಂಕೆಗಳನ್ನು ತಿನ್ನುವ ತೋಳಗಳೂ ಹೆಚ್ಚಿನ ಕಡೆ ಇಲ್ಲ. ಇಷ್ಟೆಲ್ಲ ಇರುವುದರಿಂದ ಅಲ್ಲಿ ಕ್ರಾಸ್‌ಬೋ ಬಗ್ಗೆ ಸರ್ಕಾರಕ್ಕೆ ಒಂದು ನಿಲುವು ಬೇಕು. ನಮ್ಮಲ್ಲಿ ಈ ಯಾವ ಅಡಿಪಾಯವೂ ಇಲ್ಲ.

ಇನ್ನು ನಮ್ಮ ಹಂದಿ

ಮಂಡ್ಯಕ್ಕೂ ಕಾಡುಹಂದಿಗೂ ಇರುವ ಜಗಳ ಸಾವಿರ ವರ್ಷಕ್ಕಿಂತ ಹಳೆಯದು. ಮದ್ದೂರು ತಾಲೂಕಿನ ಆತಕೂರಿನ ವೀರಗಲ್ಲು ಹತ್ತನೇ ಶತಮಾನದ್ದು. ಗಂಗರ ಬೂತುಗನ ಕಡೆಯ ಮಣಲೇರನ ಬಳಿ ಇದ್ದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತ ಕಥೆ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆಮೇಲೆ ಮೈಸೂರು ಮಹಾರಾಜರ ಕಾಲದಲ್ಲಿ ಬಂಡೀಪುರ, ನಾಗರಹೊಳೆಯ ಕಡೆಯ ಕಾಡುಗಳು ಅರಮನೆಯ ಬೇಟೆಗೆ ಮೀಸಲಾಗಿದ್ದವು. ಅದೇ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಇವತ್ತಿಗೂ ನಮ್ಮ ನಿಯಮ.

ಆ ಕಾಯ್ದೆ ಕೈಯಲ್ಲಿ ಯಾವ ಆಯುಧ ಇತ್ತು ಅಂತ ಕೇಳಿಕೊಂಡು ತೀರ್ಮಾನ ಮಾಡುವುದಿಲ್ಲ. ಕಾಪಾಡಬೇಕಾದ ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದು, ಗಾಯ ಮಾಡುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಬರೀ ಪ್ರಯತ್ನಪಡುವುದು ಕೂಡ ಅದರ ಪ್ರಕಾರ ಬೇಟೆಯೇ. ಹಾಗಾಗಿ "ಇದ್ಕೆ ಲೈಸೆನ್ಸ್ ಬೇಕಾ, ಬ್ಯಾಡ್ವಾ" ಅನ್ನುವ ಪ್ರಶ್ನೆ ಹಂದಿಯ ವಿಷಯದಲ್ಲಿ ಕೆಲಸಕ್ಕೇ ಬರುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ, ಅದರ ಪ್ರಕಾರ ಕಾಡುಹಂದಿ ಎರಡನೇ ಶೆಡ್ಯೂಲ್‌ನಲ್ಲಿ, ಅಂದರೆ ಕಾಪಾಡಬೇಕಾದ ಪಟ್ಟಿಯಲ್ಲೇ ಇದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಭಯಾರಣ್ಯದೊಳಗೆ ಹೊಡೆದರೆ ಕನಿಷ್ಠವೇ ಮೂರು ವರ್ಷ, ಏಳರವರೆಗೂ ಹೋಗಬಹುದು. ಬಳಸಿದ ಆಯುಧ, ಮಾಂಸ ತಂದ ಬೈಕು ಎಲ್ಲವನ್ನೂ ಇಲಾಖೆ ಹಿಡಿದುಕೊಳ್ಳುತ್ತದೆ. ಅಮೆರಿಕದ ವಿಡಿಯೊ ನೋಡಿ, ಇಲ್ಲಿ ಹೊಡೆದು, ಇಲ್ಲೇ ವಿಡಿಯೊ ಹಾಕುವವರು ಸಾಕ್ಷಿಯನ್ನೂ ತಾವೇ ಒದಗಿಸುತ್ತಿರುತ್ತಾರೆ.

ಕಾನೂನು ಪಕ್ಕಕ್ಕಿಡಿ, ಕೆಲಸವಾದರೂ ಆಗುತ್ತದೆಯೇ? ಇಲ್ಲಿ ಬಾಣದ ಮಿತಿಯ ಮಾತು ಮತ್ತೆ ಬರುತ್ತದೆ. ಅಮೆರಿಕದ ಬೇಟೆಗಾರ ಹಗಲು ಬೆಳಕಿನಲ್ಲಿ, ಎತ್ತರದಿಂದ, ತನ್ನ ಇರವೇ ಗೊತ್ತಿಲ್ಲದೆ ಪಕ್ಕ ತಿರುಗಿ ನಿಂತ ಒಂಟಿ ಜಿಂಕೆಗೆ ಹೊಡೆಯುತ್ತಾನೆ. ನಮ್ಮ ಹಂದಿ ಬರುವುದು ರಾತ್ರಿ, ಹಿಂಡಿನಲ್ಲಿ, ಆಳೆತ್ತರದ ಕಬ್ಬಿನೊಳಗೆ. ಅಲ್ಲಿ ಎರಡು ಮಾರು ಆಚೆ ಏನಿದೆ ಅಂತ ಹಗಲಲ್ಲೇ ಕಾಣುವುದಿಲ್ಲ. ಸದ್ದು ಬಂದ ಕಡೆಗೆ ಬಿಟ್ಟ ಬಾಣ ಹಂದಿಗೂ ಬೀಳಬಹುದು, ಪಕ್ಕದ ಗದ್ದೆಗೆ ನೀರು ಕಟ್ಟಲು ಬಂದವರಿಗೂ ಬೀಳಬಹುದು. ಕರೆಂಟ್ ಕೊಡುವ ಹೊತ್ತಿಗೆ ಮೋಟಾರ್ ಹಾಕಲು ರಾತ್ರಿ ಗದ್ದೆಯಲ್ಲಿ ಜನ ಇದ್ದೇ ಇರುತ್ತಾರೆ.

ಹಂದಿಗೆ ಬಿದ್ದರೂ ಕಥೆ ಮುಗಿಯುವುದಿಲ್ಲ. ಬಲಿತ ಗಂಡು ಹಂದಿಯ ಭುಜದ ಮೇಲೆ ಗುರಾಣಿಯಂಥ ದಪ್ಪ ಚರ್ಮ ಇರುತ್ತದೆ, ಗಂಡುಗಳು ಕೋರೆಯಿಂದ ತಿವಿದಾಡುವಾಗ ಅದೇ ಅವುಗಳ ರಕ್ಷಣೆ. ಓರೆಯಾಗಿ ಬಿದ್ದ ಬಾಣ ಅಲ್ಲೇ ಸಿಕ್ಕಿಕೊಳ್ಳಬಹುದು. ಸರಿಯಾಗಿ ಬಿದ್ದರೂ ಹಂದಿ ಕೂಡಲೇ ಸಾಯದೆ ಕಬ್ಬಿನೊಳಕ್ಕೆ ನುಗ್ಗುತ್ತದೆ. ಅರ್ಧ ಗಂಟೆ ಕಾದು ರಕ್ತದ ಜಾಡು ಹಿಡಿಯುವ ಪದ್ಧತಿ ಓಕ್ ಮರದ ಕಾಡಿಗೆ ಸರಿ. ಬಾಣ ಹೊತ್ತ ಹಂದಿಯನ್ನು ಹುಡುಕಿಕೊಂಡು ರಾತ್ರಿ ಕಬ್ಬಿನೊಳಗೆ ಯಾರು ಇಳಿಯುತ್ತಾರೆ? ಮರುದಿನ ಬೆಳಗ್ಗೆ ಕಟಾವಿಗೆ ಬರುವ ಕೂಲಿಯವರು ಇಳಿಯುತ್ತಾರೆ. ಅವರಿಗೆ ಒಳಗೆ ಏನು ಮಲಗಿದೆ ಅಂತ ಗೊತ್ತಿರುವುದಿಲ್ಲ. ಮಂಡ್ಯದ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದೂ ಹೊಸದೇನಲ್ಲ. ಆಗಲೇ ಉರುಳಿಗೆ, ಸಿಡಿಮದ್ದಿಗೆ ಹಂದಿಯ ಬದಲು ಚಿರತೆಯೋ ಮೇಯಲು ಬಿಟ್ಟ ಹಸುವೋ ಸಿಕ್ಕಿಬೀಳುತ್ತವೆ. ಆ ಪಟ್ಟಿಗೆ ಇನ್ನೊಂದು ಸೇರಿಸುವ ಅಗತ್ಯವಿಲ್ಲ.

ಬಿಲ್ಲಿನ ಮೇಲೇ ಆಸೆ ಹುಟ್ಟಿದವರಿಗೆ ನಮ್ಮಲ್ಲಿ ದಾರಿ ಇಲ್ಲದಿಲ್ಲ, ಅದು ಕಾಂಪೌಂಡ್‌ನ ದಾರಿ. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ಕಾಂಪೌಂಡ್‌ನಲ್ಲೇ ವಿಶ್ವ ಚಾಂಪಿಯನ್ ಆದರು. ಎರಡೂ ಕೈ ಇಲ್ಲದ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು ಭುಜದಿಂದ ಎಳೆದು, ರಾಕೇಶ್ ಕುಮಾರ್ ಜೊತೆ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಕ್ರಾಸ್‌ಬೋಗೆ ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲ.

ಹಂದಿಯ ಕಾಟ ಮಾತ್ರ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಅರ್ಧ ಎಕರೆ ಮುಸುಕಿನ ಜೋಳ ಮಲಗಿಸಿಬಿಡುವುದನ್ನು ಎಚ್.ಡಿ. ಕೋಟೆ, ಹುಣಸೂರಿನ ಕಡೆ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಪರಿಹಾರಕ್ಕೆ ಅರ್ಜಿ, ಫೋಟೊ, ಪಹಣಿ, ಮಹಜರು ಅಂತ ಓಡಾಡುವ ಹೊತ್ತಿಗೆ ಮುಂದಿನ ಬೆಳೆಯೂ ಹೊಲದಲ್ಲಿರುತ್ತದೆ. ಅವರ ಸಿಟ್ಟಿಗೆ ಕಾರಣ ಇದೆ. ಆದರೆ ಆ ಸಿಟ್ಟು ಕೇಳಬೇಕಾದ್ದು ಬಿಲ್ಲನ್ನಲ್ಲ, ಅನುಮತಿಯನ್ನು. ಕಾಯ್ದೆಯ 11ನೇ ಕಲಂನಲ್ಲೇ ಅದಕ್ಕೆ ದಾರಿ ಇದೆ. ನಿಂತ ಬೆಳೆಗೆ 11ನೇ ಕಲಂ ಹೇಳುವಷ್ಟು ಅಪಾಯ ತಂದ ಎರಡನೇ ಶೆಡ್ಯೂಲ್‌ನ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟವರು, ಬರಹದಲ್ಲಿ ಅನುಮತಿ ಕೊಡಬಹುದು. 62ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಕಾಡುಹಂದಿಯನ್ನು ಉಪದ್ರವಿ ಪ್ರಾಣಿ ಅಂತಲೂ ಘೋಷಿಸಬಹುದು. 2015ರ ಕೊನೆಗೆ ಬಿಹಾರದ ಕೆಲವು ಜಿಲ್ಲೆಗಳಿಗೆ, 2016ರಲ್ಲಿ ಉತ್ತರಾಖಂಡದ ಕೆಲವು ಕಡೆಗೆ ಹಾಗೆ ಮಾಡಿದ್ದೂ ಇದೆ.

ಪಕ್ಕದ ಕೇರಳ 2022ರಲ್ಲಿ 11ನೇ ಕಲಂ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರವರೆಗೂ ಇಳಿಸಿತು. ರೈತ ಅರಣ್ಯ ಇಲಾಖೆಯ ದೊಡ್ಡ ಕಚೇರಿಗೆ ಅಲೆಯಬೇಕಿಲ್ಲ, ಪಂಚಾಯಿತಿಯಲ್ಲೇ ತೀರ್ಮಾನ. ಹೊಡೆಯುವವರು ಲೈಸೆನ್ಸ್ ಇರುವ ಬಂದೂಕಿನವರು. ವಿಷ, ಸಿಡಿಮದ್ದು, ಕರೆಂಟ್ ಬಳಸುವ ಹಾಗಿಲ್ಲ. ಸತ್ತ ಹಂದಿಯನ್ನು ನಿಯಮದ ಪ್ರಕಾರ ವಿಲೇವಾರಿ ಮಾಡಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಇದರಿಂದ ಹಂದಿ ಕಾಟ ನಿಂತಿತು ಅಂತ ಯಾರೂ ಹೇಳುವುದಿಲ್ಲ. ಆದರೆ ಯಾರು, ಎಲ್ಲಿ, ಯಾವುದರಿಂದ ಹೊಡೆದರು ಅನ್ನುವುದಕ್ಕೆ ಕಾಗದ ಇರುತ್ತದೆ. ಮೈಸೂರು, ಮಂಡ್ಯದ ರೈತ ಸಂಘದವರು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತಾಗ ಕೇಳಬೇಕಾದ್ದು ಇಂಥದ್ದನ್ನು: ಅನುಮತಿ ಕೊಡುವ ಅಧಿಕಾರ ಯಾರ ಕೈಯಲ್ಲಿರಬೇಕು, ಅರ್ಜಿ ಹಾಕಿದ ಎಷ್ಟು ದಿನದೊಳಗೆ ಉತ್ತರ ಬರಬೇಕು, ಕಬ್ಬು ಕಡಿಯುವ ತಿಂಗಳುಗಳಲ್ಲಿ ಗದ್ದೆಯೊಳಗೆ ಹೊಡೆಯಲು ಬಿಡಬೇಕೋ ಬೇಡವೋ.